ಸಹಾಯ ಬೇಕು: ಅಪ್ಪನ ಗಡಿಯಾರ ಮತ್ತು ಮಗನ ಪ್ರಶ್ನೆ

ಎಲ್ಲರಿಗೂ ವಂದನೆ. ಮನೆಯ ಸಂಜೆ ಪ್ರಾರ್ಥನೆಗೆ ವಾರಕ್ಕೊಮ್ಮೆ ಒಬ್ಬರು ತಮಗೆ ಪ್ರಿಯವಾದ ವಸ್ತುವೊಂದನ್ನು ತರುತ್ತೇವೆ, ಅದಕ್ಕೆ ಹೊಂದುವ ಬೈಬಲ್ ವಚನವನ್ನು ಎಲ್ಲರೂ ಹುಡುಕುತ್ತೇವೆ. ಮಗಳು ಕಳೆದುಹೋದ ಕಿವಿಯೋಲೆಗಾಗಿ ಮಂಚದಡಿ ಗುಡಿಸಿದ ವಾರ, 10 ನಾಣ್ಯಗಳಲ್ಲಿ ಒಂದಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಲೂಕ 15ರ ಹೆಂಗಸು ತಾನಾಗಿಯೇ ಒದಗಿ ಬಂದಳು.

ಕಳೆದ ವಾರ ನನ್ನ ಸರದಿ. ತೀರಿಹೋದ ಅಪ್ಪನ ಕೈಗಡಿಯಾರ ತಂದೆ. ಗಾಜು ಬಿರುಕು ಬಿಟ್ಟಿದೆ, ಮುಳ್ಳುಗಳು ನಾಲ್ಕೂ ಹತ್ತಕ್ಕೆ ನಿಂತಿವೆ, ಚರ್ಮದ ಪಟ್ಟಿಯಲ್ಲಿ ಅವರ ಮಣಿಕಟ್ಟಿನ ಬಾಗು ಹಾಗೆಯೇ ಉಳಿದಿದೆ. 13 ವರ್ಷದ ಮಗ ಮತ್ತಾಯ 6:19 ತೆಗೆದು ಓದಿ, "ಭೂಮಿಯ ಮೇಲೆ ಗಂಟು ಕಟ್ಟಿಕೊಳ್ಳಬೇಡಿ ಎಂದು ಯೇಸುವೇ ಹೇಳಿರುವಾಗ ಇದನ್ನೇಕೆ ಬೀರುವಿನಲ್ಲಿ ಬಚ್ಚಿಟ್ಟಿದ್ದೀರಿ, ಅಪ್ಪಾ?" ಎಂದ.

ನನಗೆ ಬಾಯಿ ಕಟ್ಟಿತು. ಹುಡುಗ ಕೇಳಿದ್ದರಲ್ಲಿ ತಪ್ಪೂ ಇಲ್ಲ. ರಾತ್ರಿ ಯೆಹೋಶುವ 4 ನೆನಪಾಯಿತು: ಇಸ್ರಾಯೇಲ್ಯರು ಯೊರ್ದನ್ ನದಿ ದಾಟಿದಾಗ ಅಲ್ಲಿಂದ ಹೊತ್ತು ತಂದ 12 ಕಲ್ಲುಗಳನ್ನು ನೆನಪಿಗೆಂದು ನಿಲ್ಲಿಸಿದ್ದು, ಮಕ್ಕಳು ಕೇಳಿದಾಗ ಹೇಳಲೆಂದೇ ಅಲ್ಲವೇ?

ಜ್ಞಾಪಕಕ್ಕೂ ಗಂಟಿಗೂ ನಡುವಿನ ಗೆರೆಯನ್ನು ನಿಮ್ಮ ಮಕ್ಕಳಿಗೆ ಹೇಗೆ ತೋರಿಸಿದ್ದೀರಿ? ಉಪದೇಶ ಬೇಡ, ಅವನಿಗೆ ಆಕಳಿಕೆ ಬರುತ್ತದೆ (ನನಗೂ). ನಿಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಿರಿ. ಮುಂದಿನ ಪ್ರಾರ್ಥನೆ ಶನಿವಾರವಿದೆ.