ಲೋಡ್ ಹಾಕಿ ಏರು ಹತ್ತಿದರೆ ಪಿಕಪ್ ಹೀಟ್ ಆಗುತ್ತದೆ. ಹೆಡ್ ಇಳಿಸಲೇಬೇಕಾ?

ತೊಗರಿ_ಗಾಡಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನದು ಹಳೆ ಡೀಸೆಲ್ ಪಿಕಪ್, ಎ.ಸಿ. ಕ್ಯಾಬಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ದಾಲ್ ಮಿಲ್‌ನಿಂದ ಬೇಳೆ ತುಂಬಿಕೊಂಡು ಬೀದರ್‌ಗೆ ಹೋಗುತ್ತೇನೆ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ನಿಂತರೂ ಏನೂ ತೊಂದರೆ ಇಲ್ಲ. ಖಾಲಿ ಗಾಡಿ ವಾಪಸ್ ಬರುವಾಗಲೂ ಇಲ್ಲ. ಆದರೆ ಲೋಡ್ ಹಾಕಿಕೊಂಡು ಕಮಲಾಪುರ ದಾಟಿ ಏರು ಶುರುವಾದರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ. ಸೈಡಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಇಳಿಯುತ್ತದೆ.

ಒಬ್ಬ ಮಿಸ್ತ್ರಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್) ಹೋಗಿದೆ, ಹೆಡ್ ಇಳಿಸಬೇಕು ಅಂದರು. ಇನ್ನೊಬ್ಬರು ಹೊಸ ರೇಡಿಯೇಟರ್ ಹಾಕಿ ಅಂದರು. ಇಬ್ಬರೂ ಬಾನೆಟ್ ಎತ್ತಿ ನೋಡಿದ್ದಷ್ಟೇ. ಎರಡೂ ದೊಡ್ಡ ಖರ್ಚು. ಯಾವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳುವ ದಾರಿ ಇದೆಯಾ?

ಹುಮನಾಬಾದ್_ಲೈನ್

ಅಣ್ಣಾ, ಸುಮ್ನೆ ತಲೆ ಕೆಡಿಸ್ಕೋಬೇಡ. ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕು. ನಮ್ಮ ಬಿಸಿಲಿಗೆ ಅದು ಯಾಕೆ ಬೇಕು? ನಮ್ಮ ಕಡೆ ಎಲ್ಲರೂ ಹಂಗೇ ಓಡಿಸ್ತಾರೆ.

ಶಹಾಬಾದ್_ಮಿಸ್ತ್ರಿ

ವಾಲ್ವ್ ಮಾತಿಗೆ ಆಮೇಲೆ ಬರುತ್ತೇನೆ. ತಮ್ಮಾ, ನೀನು ಕೇಳಿದ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬಸ್ ಡಿಪೋ ವರ್ಕ್‌ಶಾಪ್‌ನಲ್ಲಿ ನಾವು ಡ್ರೈವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ: ನಿಂತಾಗ ಹೀಟ್ ಆಗುತ್ತಾ, ಓಡುವಾಗ ಆಗುತ್ತಾ?

ನಿಂತಾಗ ಹೀಟ್ ಆಗಿ, ರೋಡಿಗೆ ಬಿಟ್ಟ ಕೂಡಲೇ ಇಳಿದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ನಿನ್ನದು ಅದರ ಉಲ್ಟಾ. ನಿಂತಾಗ ಸರಿ, ಲೋಡ್ ಬಿದ್ದಾಗ ಸೋಲುತ್ತದೆ. ಅಂದರೆ ಇಂಜಿನ್ ಜಾಸ್ತಿ ಬಿಸಿ ಕೊಟ್ಟಾಗ ಅದನ್ನು ಹೊರಗೆ ಹಾಕುವ ಶಕ್ತಿ ಸಾಲುತ್ತಿಲ್ಲ. ರೇಡಿಯೇಟರ್ ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲ ಹೊರಗೆ ಗಾಳಿ ದಾಟುತ್ತಿಲ್ಲ. ಬೆಲ್ಟ್ ಜಾರಿದರೂ, ವಾಟರ್ ಪಂಪ್ ಸವೆದರೂ ಹೀಗೇ ಆಗುತ್ತದೆ.

ಗ್ಯಾಸ್ಕೆಟ್ ಅನುಮಾನ ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೀರು ತುಂಬಿದೆಯಾ ನೋಡು. ಸ್ಟಾರ್ಟ್ ಮಾಡು. ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗಿದ್ದ ಗಾಳಿ. ನಿಲ್ಲದೆ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ ಲೆಕ್ಕ. ಇಂಜಿನ್ ಬಂದ್ ಮಾಡಿ ಕ್ಯಾಪ್ ಹಾಕು, ಮತ್ತೆ ಸ್ಟಾರ್ಟ್ ಮಾಡು. ನೀರು ಇನ್ನೂ ಬಿಸಿಯೇ ಆಗಿಲ್ಲ, ಅಷ್ಟರಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಅರ್ಥ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡು. ಹಾಲು ಬೆರೆಸಿದ ಬಣ್ಣ ಇದ್ದರೆ ಗಾಡಿ ಓಡಿಸಲೇಬೇಡ. ಇದ್ಯಾವುದೂ ಇಲ್ಲದಿದ್ದರೆ ಹೆಡ್ ಇಳಿಸಲು ಒಪ್ಪಬೇಡ.

ಬಿಸಿ ಇರುವಾಗ ಮಾತ್ರ ಕ್ಯಾಪ್ ಮುಟ್ಟಬೇಡ. ಒಳಗೆ ಪ್ರೆಶರ್ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ಬಿಚ್ಚಿದ ಕ್ಷಣ ಮುಖಕ್ಕೇ ಹಾರುತ್ತದೆ. ಆ ಕ್ಯಾಪ್ ರಬ್ಬರ್ ಹರಿದಿದ್ದರೂ ಪ್ರೆಶರ್ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಚಿಕ್ಕ ಸಾಮಾನು, ಅದನ್ನು ಯಾರೂ ನೋಡುವುದಿಲ್ಲ.

ಇನ್ನು ಹೊರಗಿನದು. ನೀನು ಬೇಳೆ ಮಿಲ್ ಅಂದೆಯಲ್ಲ, ನನಗೆ ಅಲ್ಲೇ ಅನುಮಾನ. ಎ.ಸಿ. ಗಾಡಿಯಲ್ಲಿ ರೇಡಿಯೇಟರ್ ಮುಂದೆ ಕಂಡೆನ್ಸರ್ (ಎ.ಸಿ.ಯ ಬಿಸಿ ಹೊರಹಾಕುವ ಜಾಲಿ) ಇರುತ್ತದೆ. ಮುಂದಿನಿಂದ ನೋಡಿದರೆ ಅದೊಂದೇ ಕಾಣುತ್ತದೆ, ಚೊಕ್ಕಟವಾಗಿಯೇ ಇರುತ್ತದೆ. ಹೊಟ್ಟು, ಧೂಳು ಎಲ್ಲಾ ಎರಡರ ನಡುವಿನ ಸಂದಿಯಲ್ಲಿ ಕೂತಿರುತ್ತದೆ. ಟಾರ್ಚ್ ಹಿಡಿದು ಮೇಲಿನಿಂದ ಬಗ್ಗಿ ನೋಡು. ತೊಳೆಯುವುದಾದರೆ ಇಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನ ನೀರಲ್ಲಿ. ವಾಷಿಂಗ್ ಸೆಂಟರ್ ಗನ್ ಹತ್ತಿರ ಹಿಡಿದರೆ ಫಿನ್ (ಜಾಲಿಯ ತೆಳು ಪಟ್ಟಿ) ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ.

ಇನ್ನೊಂದು. ಲೋಡ್ ಹೊಡೆದು ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡು, ಮುಟ್ಟಬೇಡ. ಒಂದೇ ಚಕ್ರ ಬೆಂಕಿಯಂತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಅಂಥ ಗಾಡಿಯ ರೇಡಿಯೇಟರ್ ಎಷ್ಟು ರಿಪೇರಿ ಮಾಡಿದರೂ ಏರಿನಲ್ಲಿ ಹೀಟ್ ಆಗುತ್ತಲೇ ಇರುತ್ತದೆ.

ಈಗ ವಾಲ್ವ್. ಇಂಜಿನ್ ತಣ್ಣಗಿದ್ದಾಗ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲಿ (ಇಂಜಿನ್‌ಗೇ ವಾಪಸ್ ಬರುವ ಅಡ್ಡದಾರಿ) ಸುತ್ತುತ್ತದೆ. ಬಿಸಿಯಾದ ಮೇಲೆ ವಾಲ್ವ್ ರೇಡಿಯೇಟರ್ ದಾರಿ ತೆರೆಯುತ್ತದೆ. ಬಹಳ ಇಂಜಿನ್‌ಗಳಲ್ಲಿ ಅದೇ ವಾಲ್ವ್ ಬೈಪಾಸ್ ಬಾಯಿಯನ್ನೂ ಮುಚ್ಚುತ್ತದೆ. ಅಂಥದ್ದನ್ನು ಕಿತ್ತರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರ್ ನೋಡದೆ ಇಂಜಿನ್‌ಗೇ ವಾಪಸ್ ಬರುತ್ತದೆ. ಲೋಡ್‌ನಲ್ಲಿ ಹೀಟ್ ಇನ್ನೂ ಜಾಸ್ತಿ. ಚಳಿಯಲ್ಲಿ ಇಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕು. ಕೆಟ್ಟಿದೆಯಾ ಅನ್ನುವುದಕ್ಕೆ ಪಾತ್ರೆ ನೀರಲ್ಲಿ ಇಳಿಬಿಟ್ಟು ಕಾಯಿಸು. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಅದರ ಮೇಲೇ ಬರೆದಿರುತ್ತದೆ.

ಹುಮನಾಬಾದ್_ಲೈನ್

ಕಾಕಾ, ನಮ್ಮ ಲಾರಿ ವಾಲ್ವ್ ಇಲ್ಲದೆ ಎಷ್ಟೋ ವರ್ಷದಿಂದ ಓಡುತ್ತಿದೆ. ಏನೂ ಆಗಿಲ್ಲ.

ಶಹಾಬಾದ್_ಮಿಸ್ತ್ರಿ

ಓಡುತ್ತದೆ ಮಾರಾಯಾ, ಇಲ್ಲ ಅನ್ನುವುದಿಲ್ಲ. ಬೈಪಾಸ್ ಸಣ್ಣದಿರುವ ಇಂಜಿನ್ ಆದರೆ ಓಡುತ್ತದೆ. ನಿನ್ನ ಲಾರಿಗೆ ನಡೆದದ್ದು ಅವನ ಪಿಕಪ್‌ಗೂ ನಡೆಯಬೇಕು ಅಂತ ಇಲ್ಲ, ಅಲ್ವಾ?

ತೊಗರಿ_ಗಾಡಿ (ಕಲಬುರಗಿ)

ಕಾಕಾ, ನೀವು ಹೇಳಿದ ಕ್ರಮದಲ್ಲೇ ನೋಡಿದೆ. ಗುಳ್ಳೆ ಇಲ್ಲ, ಆಯಿಲ್ ಸರಿ ಇದೆ, ಚಕ್ರಗಳೂ ಸರಿ. ಕಂಡೆನ್ಸರ್ ಮೇಲಿನ ಬೋಲ್ಟ್ ಬಿಚ್ಚಿ ಸ್ವಲ್ಪ ಮುಂದಕ್ಕೆ ಬಾಗಿಸಿದೆವು. ಒಳಗೆ ತೊಗರಿ ಹೊಟ್ಟು, ಹತ್ತಿ ನೂಲು, ಹುಳ ಎಲ್ಲಾ ಸೇರಿ ಕೌದಿ ಹೊದಿಸಿದ ಹಾಗೆ ಕೂತಿತ್ತು. ಕೆಳಗಿನ ಅರ್ಧ ಪೂರ್ತಿ ಬಂದ್.

ತೊಳೆದ ಮೇಲೆ ಲೋಡ್ ಹಾಕಿಕೊಂಡು ಹೋದೆ. ಮುಳ್ಳು ಕೆಂಪಿಗೆ ಹೋಗಲಿಲ್ಲ, ಆದರೆ ಅರ್ಧಕ್ಕಿಂತ ಮೇಲೆಯೇ ನಿಂತಿತು. ಆಮೇಲೆ ವಾಲ್ವ್ ನೋಡೋಣ ಅಂತ ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ! ಹಳೆ ಓನರ್ ಯಾವಾಗಲೋ ತೆಗೆಸಿಬಿಟ್ಟಿದ್ದಾರೆ. ಇಳಿಸಿದ ನೀರು ಕೆಂಪಗೆ, ತುಕ್ಕು ತುಕ್ಕು. ಕೂಲೆಂಟ್ ವಾಸನೆಯೂ ಇಲ್ಲ. ಹೊಸ ವಾಲ್ವ್ ತಂದಿದ್ದೇನೆ. ನೀರು ಯಾವುದು ಹಾಕಲಿ?

ಶಹಾಬಾದ್_ಮಿಸ್ತ್ರಿ

ಬೋರ್ ನೀರು ಮಾತ್ರ ಬೇಡ. ನಮ್ಮ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು ಬಂದವು. ಆ ಸುಣ್ಣ ಬೋರ್ ನೀರಲ್ಲಿ ಕರಗಿರುತ್ತದೆ. ಬಿಸಿಯಾದಾಗ ಬಿಟ್ಟುಕೊಂಡು ರೇಡಿಯೇಟರ್ ಟ್ಯೂಬ್‌ನಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಮನೆಯಲ್ಲಿ ಸ್ನಾನದ ನೀರು ಕಾಯಿಸುವ ರಾಡ್ ನೋಡು, ಗೊತ್ತಾಗುತ್ತದೆ.

ನೀರು ತಿಳಿಯಾಗಿ ಬರುವವರೆಗೂ ಫ್ಲಶ್ ಮಾಡಿಸು. ಆಮೇಲೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ರೆಡಿ ಮಿಕ್ಸ್ ಡಬ್ಬಿ ಆದರೆ ನೀರೇ ಬೆರೆಸಬೇಡ. ಕೂಲೆಂಟ್ ಹಿಮ ಬೀಳುವ ದೇಶಕ್ಕೆ ಅಂತ ಜನ ತಿಳಿದಿದ್ದಾರೆ. ತುಕ್ಕು ತಡೆಯುವುದು, ಕುದಿಯುವುದನ್ನು ತಡ ಮಾಡುವುದೂ ಅದರದೇ ಕೆಲಸ. 42 ಡಿಗ್ರಿ ಬಿಸಿಲಿನ ಊರಿಗೆ ಅದು ಬೇಕೇ ಬೇಕು. ಇನ್ನು ಮುಂದೆ ಕೂಲೆಂಟ್ ಇಳಿಸುವಾಗ ನೆಲಕ್ಕೆ ಚೆಲ್ಲಬೇಡ. ರುಚಿ ಸಿಹಿ, ಆದರೆ ವಿಷ. ದನ, ನಾಯಿ ನೆಕ್ಕಿದರೆ ಸಾಯುತ್ತವೆ.

ಯಾದಗಿರಿ_ಟ್ರ್ಯಾಕ್ಟರ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಟ್ರ್ಯಾಕ್ಟರ್ ರೇಡಿಯೇಟರ್ ಒಳಗೂ ಬಿಳಿ ಪದರ ಕೂತಿದೆ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಹೋಗುತ್ತೆ ಅಂತಾರೆ. ಹಾಕಬಹುದಾ?

ಶಹಾಬಾದ್_ಮಿಸ್ತ್ರಿ

ಬೇಡ. ಸೋಡಾದಿಂದ ಎಣ್ಣೆ ಜಿಡ್ಡು ಬಿಡುತ್ತದೆ, ಸುಣ್ಣ ಬಿಡುವುದಿಲ್ಲ. ಅಲ್ಯೂಮಿನಿಯಂ ಇದ್ದರೆ ಅದನ್ನೇ ತಿಂದುಹಾಕುತ್ತದೆ. ನಿನ್ನದು ಹಳೆ ಹಿತ್ತಾಳೆ ಟ್ಯಾಂಕಿನದಾ, ಅಲ್ಯೂಮಿನಿಯಂ ಕೋರ್ ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ಇರುವುದಾ? ಫೋಟೋ ಹಾಕು. ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿಸಿ ಟ್ಯೂಬ್‌ಗಳಲ್ಲಿ ಸಲಾಕೆ ಆಡಿಸಿ ತೆಗೆಸಬಹುದು.

ತೊಗರಿ_ಗಾಡಿ (ಕಲಬುರಗಿ)

ವಾಲ್ವ್ ಹಾಕಿ, ಕೂಲೆಂಟ್ ತುಂಬಿ ನಿನ್ನೆ ಫುಲ್ ಲೋಡ್‌ನಲ್ಲಿ ಬೀದರ್‌ಗೆ ಹೋಗಿ ಬಂದೆ. ಮುಳ್ಳು ಮಧ್ಯದಿಂದ ಅಲ್ಲಾಡಲಿಲ್ಲ. ಕಾಕಾ, ಶಹಾಬಾದ್ ಕಡೆ ಬಂದಾಗ ಒಂದು ಚಹಾ ನನ್ನ ಲೆಕ್ಕದಲ್ಲಿ.