ರಿಯಾದ್‌ನಿಂದ ಬಂದ ತಮ್ಮನಿಗೆ ಜ್ವರ: ಒಂಟೆಯ ಕೊರೊನಾ ಇರಬಹುದಾ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ತಮ್ಮ ರಿಯಾದ್‌ನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾನೆ. ಕಳೆದ ಶುಕ್ರವಾರ ರಜೆಗೆ ಬಂದ. ಮೊನ್ನೆಯಿಂದ ಜ್ವರ, ಒಣ ಕೆಮ್ಮು. ಹೊರಡುವ ಹಿಂದಿನ ದಿನ ಗೆಳೆಯರ ಜೊತೆ ಒಂಟೆ ಫಾರ್ಮ್‌ಗೆ ಹೋಗಿ, ಆಗ ತಾನೇ ಕರೆದ ಹಾಲು ಕುಡಿದನಂತೆ. ಆ ಫೋಟೋ ನೋಡಿದ ಪಕ್ಕದ ಮನೆಯವರು "ಮೆರ್ಸ್ ಅಂತ ಒಂದು ಕೊರೊನಾ ಇದೆ, ಒಂಟೆಯಿಂದ ಬರುತ್ತೆ" ಎಂದು ಹೆದರಿಸಿದ್ದಾರೆ. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಅಮ್ಮನಿಗೆ ಶುಗರ್ ಇದೆ. ಏನು ಮಾಡಲಿ?

ಉತ್ತರ (ಶ್ವಾಸಕೋಶ ತಜ್ಞ, ಥಾಣೆ): ಅಕ್ಕಾ, ಗಾಬರಿ ಬೇಡ. ಹಾಗಂತ ಸುಮ್ನೆ ಕೂರುವುದೂ ಬೇಡ. ಪಕ್ಕದ ಮನೆಯವರು ಹೇಳಿದ್ದು ಕಟ್ಟುಕತೆಯಲ್ಲ. 2012ರಲ್ಲಿ ಸೌದಿಯಲ್ಲಿ ಮೊದಲು ಪತ್ತೆಯಾದ ವೈರಸ್ ಅದು. ಒಂಟೆಗೆ ಬಂದರೆ ಮೂಗು ಸೋರುತ್ತೆ, ಅಷ್ಟೇ. ನಮ್ಮಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತೆ, ನ್ಯುಮೋನಿಯಾ ತರುತ್ತೆ. ಈವರೆಗೆ ವರದಿಯಾದ ಸುಮಾರು 2,600 ಮಂದಿಯಲ್ಲಿ ನೂರಕ್ಕೆ 35ರಷ್ಟು ಜನ ತೀರಿಕೊಂಡಿದ್ದಾರೆ. ಈ ಅಂಕಿ ನೋಡಿ ಕಂಗಾಲಾಗಬೇಡಿ. ಸಣ್ಣ ಜ್ವರ ಬಂದು ವಾಸಿಯಾದವರು ಲೆಕ್ಕಕ್ಕೇ ಸಿಕ್ಕಿರುವುದಿಲ್ಲ. 27 ದೇಶಗಳಲ್ಲಿ ಕಾಣಿಸಿಕೊಂಡಿದೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ನಿಮ್ಮ ತಮ್ಮನದ್ದು ಫ್ಲೂ ಅಥವಾ ಕೋವಿಡ್ ಆಗಿರುವ ಸಾಧ್ಯತೆಯೇ ಜಾಸ್ತಿ.

ಆದರೆ ಹಸಿ ಹಾಲು ಕುಡಿದಿದ್ದಾನೆ, ಒಂಟೆ ಮುಟ್ಟಿದ್ದಾನೆ, 14 ದಿನದೊಳಗೆ ಜ್ವರ ಬಂದಿದೆ. ಇಷ್ಟು ಕೇಳಿದ ಮೇಲೆ ನಾನಂತೂ ಟೆಸ್ಟ್ ಮಾಡಿಸದೆ ಬಿಡುವುದಿಲ್ಲ.

ಇವತ್ತೇ ಪಾಲಿಕೆ ಆಸ್ಪತ್ರೆಗೆ ಫೋನ್ ಮಾಡಿ. ಮೊದಲ ಮಾತೇ "ಸೌದಿಯಿಂದ ಬಂದಿದ್ದಾನೆ, ಒಂಟೆ ಹಾಲು ಕುಡಿದಿದ್ದಾನೆ" ಎಂದಿರಲಿ. ಜ್ವರದ ಸುದ್ದಿ ಆಮೇಲೆ. ಲೋಕಲ್ ರೈಲು ಹತ್ತಿಸಬೇಡಿ, ಗಲ್ಲಿಯ ಕ್ಲಿನಿಕ್‌ನಲ್ಲಿ ಸಾಲಿನಲ್ಲಿ ಕೂರಿಸಬೇಡಿ. ಮಾಸ್ಕ್ ಹಾಕಿಸಿ, ಕಿಟಕಿ ತೆರೆದಿಡಿ, ಅಮ್ಮ ಅಡುಗೆಮನೆಯಲ್ಲಿ ಮಲಗಲಿ. ಮೂಗಿನ ಸ್ವಾಬ್ ಜೊತೆಗೆ ಕೆಮ್ಮಿ ತೆಗೆದ ಕಫವನ್ನೂ ಕೊಡಲಿ. ಆಳದಲ್ಲಿರುವ ವೈರಸ್ ಮೂಗಿನಲ್ಲಿ ಸಿಗದೇ ಹೋಗಬಹುದು. ಇಂಥ ಸ್ಯಾಂಪಲ್‌ಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಹತ್ತಿರದಲ್ಲೇ ಇರುವುದು ನಮ್ಮ ಪುಣ್ಯ.

ಪ್ರವಾಸದ ಮಾತು ಮೊದಲು ಹೇಳಿ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. 2015ರಲ್ಲಿ ಕೊಲ್ಲಿ ದೇಶಗಳಿಂದ ದಕ್ಷಿಣ ಕೊರಿಯಾಕ್ಕೆ ಮರಳಿದ ಒಬ್ಬರು ಕೆಮ್ಮುತ್ತಾ ಒಂದರ ಹಿಂದೊಂದು ಆಸ್ಪತ್ರೆ ಅಲೆದರು. ರೋಗ ಯಾವುದೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅವರಿಂದ ಸೋಂಕು ತಗುಲಿದ ಇನ್ನೊಬ್ಬ ರೋಗಿ ಸೋಲ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿದ್ದಾಗ 82 ಜನಕ್ಕೆ ಅಂಟಿತು. ಒಟ್ಟು 186 ಮಂದಿಗೆ ರೋಗ, 38 ಸಾವು. ಈ ವೈರಸ್ ರಸ್ತೆಯಲ್ಲಿ ಹೋಗುವವರಿಗೆ ಸುಲಭವಾಗಿ ಅಂಟುವುದಿಲ್ಲ. ಹತ್ತಿರ ಇದ್ದು ಆರೈಕೆ ಮಾಡುವವರಿಗೆ, ಪಕ್ಕದ ಮಂಚದವರಿಗೆ ಅಂಟುತ್ತೆ. ಅಂದರೆ ಹರಡಲು ಅದಕ್ಕೆ ಆಸ್ಪತ್ರೆಯೇ ಒಳ್ಳೆಯ ಜಾಗ!

ಪ್ರಶ್ನೆ (ಮೀರಾ ರೋಡ್): ಸರ್, ನಮ್ಮ ಮಾವನ ಶುಗರ್‌ಗೆ ಅಂತ ಆನ್‌ಲೈನ್‌ನಲ್ಲಿ ಒಂಟೆ ಹಾಲಿನ ಪುಡಿ ತರಿಸುತ್ತೇವೆ. ನಿಲ್ಲಿಸಬೇಕಾ?

ಉತ್ತರ: ಮೆರ್ಸ್ ಭಯಕ್ಕೆ ಬೇಡ. ಪಾಶ್ಚರೀಕರಿಸಿದ ಅಥವಾ ಚೆನ್ನಾಗಿ ಕಾಯಿಸಿದ ಹಾಲಿನಲ್ಲಿ ವೈರಸ್ ಉಳಿಯುವುದಿಲ್ಲ. ಆ ಪುಡಿ ನಂಬಿ ಮಾವ ಮಾತ್ರೆ ಬಿಟ್ಟರೆ ಮಾತ್ರ ನನ್ನ ತಕರಾರು.

ಪ್ರಶ್ನೆ (ಮಾಟುಂಗಾ): ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೆ ಇದು ಬರಲ್ಲ ಅಲ್ವಾ?

ಉತ್ತರ: ಹಾಗೆ ನಂಬಬೇಡಿ. ಎರಡೂ ಕೊರೊನಾ ಜಾತಿಯವೇ, ಆದರೆ ವೈರಸ್ ಬೇರೆ. ಮೆರ್ಸ್‌ಗೆ ಲಸಿಕೆಯೂ ಇಲ್ಲ, ಅದಕ್ಕೇ ಅಂತ ಔಷಧಿಯೂ ಇಲ್ಲ. ಆಕ್ಸಿಜನ್ ಕೊಟ್ಟು, ಉಸಿರಾಟಕ್ಕೆ ಆಸರೆಯಾಗಿ, ದೇಹ ಚೇತರಿಸಿಕೊಳ್ಳುವವರೆಗೆ ಕಾಯುತ್ತೇವೆ.

ಡೊಂಬಿವಲಿಯ ಸದಸ್ಯೆ: ಫೋನ್ ಮಾಡಿದೆ ಡಾಕ್ಟ್ರೇ. ಆಂಬುಲೆನ್ಸ್ ಕಳಿಸ್ತಾರಂತೆ. ಅಮ್ಮನನ್ನು ಕಾರ್ಕಳಕ್ಕೆ, ಅಣ್ಣನ ಮನೆಗೆ ಕಳಿಸಿಬಿಡಲಾ?

ಉತ್ತರ: ರಿಪೋರ್ಟ್ ಬರುವ ತನಕ ಬೇಡ. ಅವರಿಗೆ ಆಗಲೇ ತಗುಲಿದ್ದರೆ ಬಸ್ಸಿನವರಿಗೂ ಅಣ್ಣನ ಮನೆಯವರಿಗೂ ತೊಂದರೆ. ಬೆಳಗ್ಗೆ, ಸಂಜೆ ಜ್ವರ ನೋಡಿ. ಶುಗರ್ ಮಾತ್ರೆ ತಪ್ಪಿಸಬೇಡಿ. ಉಸಿರು ಕಟ್ಟಿದಂತಾದರೆ ರಿಪೋರ್ಟ್‌ಗೆ ಕಾಯದೆ ಅದೇ ನಂಬರಿಗೆ ಫೋನ್ ಮಾಡಿ.