ಸಹಾಯ ಬೇಕು: ನೋಲನ್ ರಯಾನ್ ಸಾಧನೆಯನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ನೋಲನ್ ರಯಾನ್ ಅವರ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. 27 ಋತುಗಳಲ್ಲಿ 5,714 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು), 7 ನೋ-ಹಿಟ್ಟರ್ (ಎದುರಾಳಿ ತಂಡಕ್ಕೆ ಒಂದೂ ಹಿಟ್ ಕೊಡದ ಪಂದ್ಯ) ಗಳಿಸಿದ ಅವರೇ 2,795 ವಾಕ್‌ಗಳನ್ನೂ (ನಾಲ್ಕು ಎಸೆತ ಗುರಿ ತಪ್ಪಿದಾಗ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಬಿಟ್ಟುಕೊಟ್ಟಿದ್ದಾರೆ. ಈ ಮೂರೂ ದಾಖಲೆಗಳೇ. ನೋಟ್‌ಬುಕ್ಕಿನಲ್ಲಿ 1987ರ ಸಾಲಿಗೆ ಕೆಂಪು ಪೆನ್ನಿನಿಂದ ಎರಡು ಸಲ ಸುತ್ತು ಹಾಕಿದ್ದೇನೆ: ಆ ವರ್ಷ ಅವರ ಇಆರ್‌ಎ (ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಕೊಟ್ಟ ರನ್; ಕಡಿಮೆಯಿದ್ದಷ್ಟೂ ಒಳ್ಳೆಯದು) 2.76, ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗಿನಲ್ಲೇ ಅತಿ ಕಡಿಮೆ. ಆದರೂ 8 ಗೆಲುವು, 16 ಸೋಲು. ತನ್ನ ತಂಡದ ಬ್ಯಾಟರ್‌ಗಳು ರನ್ ಗಳಿಸದಿದ್ದಾಗಲೂ ಸೋಲನ್ನು ಪಿಚರ್ ಹೆಸರಿಗೇ ಬರೆಯುವುದು ನನಗಂತೂ ಅನ್ಯಾಯವೆನಿಸುತ್ತದೆ. ಮೈದಾನಕ್ಕೂ ಕಾಲಕ್ಕೂ ಹೊಂದಿಸಿದ ಇಆರ್‌ಎ ಪ್ಲಸ್ ಮತ್ತು ಫೀಲ್ಡರ್‌ಗಳ ಪಾತ್ರವನ್ನು ಬದಿಗಿಟ್ಟು ಲೆಕ್ಕ ಹಾಕುವ ಎಫ್‌ಐಪಿ, ಇವೆರಡನ್ನೂ ಜೊತೆಗಿಟ್ಟು ಓದುವ ಬಗೆಯನ್ನು, ಅಷ್ಟೊಂದು ವಾಕ್‌ಗಳಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು, ತಿಳಿದವರು ದಯವಿಟ್ಟು ಶನಿವಾರದೊಳಗೆ ಇಲ್ಲಿಯೇ ವಿವರಿಸಬೇಕಾಗಿ ವಿನಂತಿ.